ಟ್ರಾನ್ಸ್ ಫ್ಯಾಟ್ ಮನೆಯೊಳಗೆ ಬರುವ ದಾರಿಗಳು, ಅವನ್ನು ಮುಚ್ಚುವ ಬಗೆ: ಸಮಗ್ರ ಮಾರ್ಗದರ್ಶಿ

ಉಪ್ಪು, ಸಕ್ಕರೆ, ತುಪ್ಪ, ಎಣ್ಣೆ. ಜಾಸ್ತಿಯಾದರೆ ಇವೆಲ್ಲ ಕೆಡುಕೇ. ಆದರೆ ಇವಕ್ಕೆಲ್ಲ ಒಂದು ಹದ ಇದೆ. ಹದದಲ್ಲಿ ತಿಂದರೆ ತೊಂದರೆಯಿಲ್ಲ. ಕಾರ್ಖಾನೆಯಲ್ಲಿ ತಯಾರಾಗುವ ಟ್ರಾನ್ಸ್ ಫ್ಯಾಟ್‌ಗೆ ಮಾತ್ರ ಹದ ಅನ್ನುವುದೇ ಇಲ್ಲ. ದೇಹಕ್ಕೆ ಅದು ಒಂದು ಗ್ರಾಂ ಕೂಡ ಬೇಕಾಗಿಲ್ಲ. ಅದಕ್ಕೇ ನಾನು ಇದನ್ನು "ಕಡಿಮೆ ತಿನ್ನಿ" ಅನ್ನುವ ಪಟ್ಟಿಗೆ ಸೇರಿಸುವುದಿಲ್ಲ, "ಮನೆಯಿಂದ ತೆಗೆದುಹಾಕಿ" ಅನ್ನುವ ಪಟ್ಟಿಗೆ ಸೇರಿಸುತ್ತೇನೆ.

ನಮ್ಮ ಅಪ್ಪನಿಗೆ ಸ್ಟೆಂಟ್ ಹಾಕಿದ ವಾರ ನಾನು ಅಡುಗೆಮನೆಯ ಒಂದೊಂದೇ ಡಬ್ಬಿ ತೆಗೆದು ನೋಡಲು ಶುರುಮಾಡಿದೆ. ಅಪ್ಪ ಬೀಡಿ, ಸಿಗರೇಟು ಮುಟ್ಟಿದವರಲ್ಲ. ಬೆಳಿಗ್ಗೆ ಎದ್ದು ನಡೆಯುವವರು. ಆದರೆ ಸಂಜೆ ಕಾಫಿ ಜೊತೆ ಬೇಕರಿಯ ಖಾರ ಬಿಸ್ಕೆಟ್ ಇಲ್ಲದಿದ್ದರೆ ಆಗುತ್ತಿರಲಿಲ್ಲ. ಮೂವತ್ತು ವರ್ಷದ ಅಭ್ಯಾಸ. ಅದರಿಂದಲೇ ಹೀಗಾಯಿತು ಅಂತ ಹೇಳಲಾರೆ. ಶುಗರ್ ಇತ್ತು, ಬಿಪಿ ಇತ್ತು. ಆದರೂ ಆ ಬಿಸ್ಕೆಟ್‌ನಲ್ಲಿ ಏನಿತ್ತು ಅಂತ ತಿಳಿದ ಮೇಲೆ ನನಗೆ ಸುಮ್ನೆ ಇರಲು ಆಗಲಿಲ್ಲ. ಅಂದಿನಿಂದ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಇದು ಏನು ಅಂತ ಮೊದಲು ಸರಿಯಾಗಿ ತಿಳಿದುಕೊಳ್ಳಿ

ಸೌದೆ ಒಟ್ಟಿದ್ದನ್ನು ನೋಡಿದ್ದೀರಲ್ವಾ? ಡೊಂಕು ಕಟ್ಟಿಗೆಗಳನ್ನು ಎಷ್ಟೇ ಜೋಡಿಸಿದರೂ ನಡುವೆ ಸಂದಿ ಉಳಿಯುತ್ತದೆ. ನೆಟ್ಟಗಿನ ಕಟ್ಟಿಗೆಯಾದರೆ ಒತ್ತೊತ್ತಾಗಿ ಕೂರುತ್ತದೆ. ಎಣ್ಣೆಯೊಳಗಿನ ಕೊಬ್ಬಿನ ಕಣಗಳೂ ಹೀಗೆಯೇ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಯ ಕಣಗಳಲ್ಲಿ ಒಂದು ಬಾಗು ಇರುತ್ತದೆ. ಒತ್ತಾಗಿ ಕೂರಲು ಆಗದ ಕಾರಣ ಆ ಎಣ್ಣೆ ನೀರಾಗಿರುತ್ತದೆ.

ಈ ಎಣ್ಣೆಯನ್ನು ಬಿಸಿಮಾಡಿ, ನಿಕ್ಕಲ್ ಪುಡಿ ಇಟ್ಟು, ಒತ್ತಡದಲ್ಲಿ ಹೈಡ್ರೋಜನ್ ಅನಿಲ ಹಾಯಿಸಿದರೆ ಎಣ್ಣೆ ಗಟ್ಟಿಯಾಗುತ್ತಾ ಹೋಗುತ್ತದೆ. ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ ಈ ವಿಧಾನಕ್ಕೆ 1902ರಲ್ಲಿ ಪೇಟೆಂಟ್ ಪಡೆದರು. ಪೂರ್ತಿ ಮುಗಿಯುವ ಮೊದಲೇ, ಅರ್ಧಕ್ಕೆ ನಿಲ್ಲಿಸಿದರೆ ಬೆಣ್ಣೆಯಂಥ ಹದ ಬರುತ್ತದೆ. ತೊಂದರೆ ಇರುವುದು ಅಲ್ಲೇ. ಆ ಅರ್ಧ ಹಾದಿಯಲ್ಲಿ ಬಹಳಷ್ಟು ಕಣಗಳ ಬಾಗು ತಿರುಚಿಕೊಂಡು ನೆಟ್ಟಗಾಗುತ್ತದೆ. ಹೀಗೆ ನೆಟ್ಟಗಾದದ್ದೇ ಟ್ರಾನ್ಸ್ ಫ್ಯಾಟ್. ಕಡಲೆಕಾಯಿ ಎಣ್ಣೆಯಲ್ಲಿ ಜಾಸ್ತಿ ಇರುವ ಓಲೀಕ್ ಆಮ್ಲ ಸುಮಾರು 13 ಡಿಗ್ರಿಯಲ್ಲೇ ಕರಗುತ್ತದೆ. ಅದೇ ಕಣ ನೆಟ್ಟಗಾದರೆ ಕರಗಲು ಸುಮಾರು 45 ಡಿಗ್ರಿ ಬೇಕು. ಒಂದು ಬಾಗು ಹೋದದ್ದಕ್ಕೆ ಇಷ್ಟು ವ್ಯತ್ಯಾಸ.

ನಮ್ಮ ದೇಶಕ್ಕೆ ಇದು ವನಸ್ಪತಿಯಾಗಿ ಬಂತು. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ಎಷ್ಟು ಹರಡಿತೆಂದರೆ, ಯಾವ ಕಂಪನಿಯ ವನಸ್ಪತಿ ಆದರೂ ನಮ್ಮ ಬಾಯಲ್ಲಿ ಅದು ಡಾಲ್ಡಾನೇ. ತುಪ್ಪಕ್ಕಿಂತ ಅಗ್ಗ, ಬೇಗ ಕೆಡುವುದಿಲ್ಲ, ತಿಂಡಿ ಗರಿಗರಿ ಬರುತ್ತದೆ. ಬಡವರ ಮನೆಯ ಮದುವೆಯೂ ಇದರಲ್ಲೇ ನಡೆಯಿತು. ಹಾಗಾಗಿ ಆಗ ಬಳಸಿದವರನ್ನು ದೂರುವುದು ಸರಿಯಲ್ಲ. ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಮಾತು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ, ತುಪ್ಪ ಗಟ್ಟಿಯಾಗುವುದು ಟ್ರಾನ್ಸ್ ಫ್ಯಾಟ್‌ನಿಂದ ಅಲ್ಲ. ಅದು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಮೊದಲಿನಿಂದಲೇ ಬಾಗು ಇಲ್ಲದ, ನೆಟ್ಟಗಿನ ಕಣಗಳ ಕೊಬ್ಬು. ಅದರ ಲೆಕ್ಕವೇ ಬೇರೆ.

ಹೆಜ್ಜೆ 2: ಮೈಯಲ್ಲಿ ಏನು ಮಾಡುತ್ತದೆ ಅಂತ ಅರ್ಥ ಮಾಡಿಕೊಳ್ಳಿ

ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎರಡು ಮುಖ್ಯ ಗಾಡಿಗಳಿವೆ ಅಂತ ಇಟ್ಟುಕೊಳ್ಳಿ. ಎಲ್‌ಡಿಎಲ್ ರಕ್ತನಾಳದ ಗೋಡೆಗೆ ಕೊಲೆಸ್ಟ್ರಾಲ್ ತಂದು ಸುರಿಯುತ್ತದೆ. ಎಚ್‌ಡಿಎಲ್ ಹೆಚ್ಚಾದದ್ದನ್ನು ತುಂಬಿಕೊಂಡು ಪಿತ್ತಜನಕಾಂಗಕ್ಕೆ ವಾಪಸ್ ಒಯ್ಯುತ್ತದೆ. ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಎಲ್‌ಡಿಎಲ್ ಏರುತ್ತದೆ. ಟ್ರಾನ್ಸ್ ಫ್ಯಾಟ್ ಎಲ್‌ಡಿಎಲ್ ಅನ್ನು ಏರಿಸುತ್ತದೆ, ಅದರ ಜೊತೆಗೇ ಎಚ್‌ಡಿಎಲ್ ಅನ್ನು ಇಳಿಸುತ್ತದೆ. ಕಸ ಸುರಿಯುವ ಗಾಡಿ ಹೆಚ್ಚಿತು, ಎತ್ತುವ ಗಾಡಿ ಕಡಿಮೆಯಾಯಿತು. ನೆದರ್‌ಲೆಂಡ್ಸ್‌ನ ವಿಜ್ಞಾನಿಗಳಾದ ಮೆನ್ಸಿಂಕ್ ಮತ್ತು ಕಟಾನ್ 1990ರಲ್ಲಿ ಇದನ್ನು ಮನುಷ್ಯರಲ್ಲೇ ಪರೀಕ್ಷಿಸಿ ತೋರಿಸಿದರು. ಇದರ ಜೊತೆಗೆ ರಕ್ತನಾಳದ ಒಳಪದರದಲ್ಲಿ ಉರಿಯೂತ ಹೆಚ್ಚುತ್ತದೆ, ನಾಳ ಹಿಗ್ಗುವ ಗುಣ ಕುಗ್ಗುತ್ತದೆ.

2006ರಲ್ಲಿ ಅಮೆರಿಕದ ಸಂಶೋಧಕರು ಅದುವರೆಗಿನ ದೊಡ್ಡ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ದಿನದ ಕ್ಯಾಲೊರಿಯಲ್ಲಿ ಟ್ರಾನ್ಸ್ ಫ್ಯಾಟ್‌ನ ಪಾಲು ಶೇ. 2ರಷ್ಟು ಹೆಚ್ಚಿದರೆ ಹೃದಯದ ರಕ್ತನಾಳದ ಕಾಯಿಲೆ ಶೇ. 23ರಷ್ಟು ಹೆಚ್ಚು ಕಾಣಿಸಿತು. 2,000 ಕ್ಯಾಲೊರಿ ಊಟದಲ್ಲಿ ಶೇ. 2 ಅಂದರೆ ಎಷ್ಟು ಗೊತ್ತೇ? ಸುಮಾರು ನಾಲ್ಕೂವರೆ ಗ್ರಾಂ. ಒಂದು ಟೀ ಚಮಚ. ನಾನು ಇದನ್ನು ಓದಿದ ದಿನ ಅಡುಗೆಮನೆಗೆ ಹೋಗಿ ಟೀ ಚಮಚಕ್ಕೆ ಎಣ್ಣೆ ಹಾಕಿ ಬೆಳಕಿಗೆ ಹಿಡಿದು ನೋಡಿದೆ. ಚಮಚದ ತಳ ಕಾಣುತ್ತಿತ್ತು. ಅಷ್ಟೇ ಅಷ್ಟು.

ಇದರ ಬಗ್ಗೆ ಮೊದಲು ಎಚ್ಚರಿಸಿದವರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಫ್ರೆಡ್ ಕುಮ್ಮೆರೋ ಒಬ್ಬರು. ಮನುಷ್ಯರ ಅಂಗಾಂಶದಲ್ಲಿ ಟ್ರಾನ್ಸ್ ಫ್ಯಾಟ್ ಸೇರಿಕೊಂಡಿರುವುದನ್ನು 1957ರಲ್ಲೇ ಪ್ರಕಟಿಸಿದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. ಅವರು ಬಿಡಲಿಲ್ಲ. 2009ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅಮೆರಿಕ ಸರ್ಕಾರಕ್ಕೆ ಅರ್ಜಿ ಹಾಕಿದರು. ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಅರ್ಧ ಹೈಡ್ರೋಜನೀಕರಿಸಿದ ಎಣ್ಣೆ ಸುರಕ್ಷಿತವಲ್ಲ ಅಂತ ತೀರ್ಮಾನಿಸಿದ್ದು 2015ರಲ್ಲಿ. ಕುಮ್ಮೆರೋ ತೀರಿಕೊಂಡದ್ದು 2017ರಲ್ಲಿ, 102ನೇ ವಯಸ್ಸಿಗೆ. ಆ ತೀರ್ಪನ್ನು ಕಣ್ಣಾರೆ ನೋಡಿಯೇ ಹೋದರು ಅನ್ನುವುದು ನನಗೆ ತುಂಬ ಸಮಾಧಾನದ ವಿಷಯ.

ಹೆಜ್ಜೆ 3: ನಿಮ್ಮ ದಿನದ ಲೆಕ್ಕ ಹಾಕಿ

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ: ದಿನದ ಕ್ಯಾಲೊರಿಯಲ್ಲಿ ಶೇ. 1ಕ್ಕಿಂತ ಕಡಿಮೆ. 2,000 ಕ್ಯಾಲೊರಿಗೆ 2.2 ಗ್ರಾಂ ಒಳಗೆ. ಇದು ಗುರಿಯಲ್ಲ, ದಾಟಬಾರದ ಗೆರೆ.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಇದನ್ನು ಹಂತಹಂತವಾಗಿ ಇಳಿಸಿತು. ಎಣ್ಣೆ, ವನಸ್ಪತಿಗಳಲ್ಲಿ ಮೊದಲು ಶೇ. 10, ಆಮೇಲೆ ಶೇ. 5. 2021ರ ಜನವರಿಯಿಂದ ಶೇ. 3, 2022ರ ಜನವರಿಯಿಂದ ಶೇ. 2. ಈಗ ತಿಂಡಿಯಲ್ಲಿ ಬಳಸಿದ ಕೊಬ್ಬಿಗೂ ಇದೇ ಶೇ. 2ರ ಮಿತಿ.

ಇದರಿಂದ ಆದ ಉಪಕಾರವನ್ನು ಒಂದು ಪಫ್ ಇಟ್ಟುಕೊಂಡು ನೋಡೋಣ. ಒಂದು ಪಫ್‌ನಲ್ಲಿ 20 ಗ್ರಾಂ ಕೊಬ್ಬು ಇದೆ ಅಂತ ಹಿಡಿಯಿರಿ. ಶೇ. 10ರ ಕಾಲದ ವನಸ್ಪತಿ ಆಗಿದ್ದರೆ ಅದರಲ್ಲಿ 2 ಗ್ರಾಂ ಟ್ರಾನ್ಸ್ ಫ್ಯಾಟ್. ಒಂದೇ ಪಫ್‌ಗೆ ದಿನದ ಮಿತಿ ಹತ್ತಿರ ಹತ್ತಿರ ಮುಗಿಯಿತು. ಈಗಿನ ಶೇ. 2ರ ಕೊಬ್ಬಾದರೆ 0.4 ಗ್ರಾಂ. ಕಾನೂನು ಪಾಲಿಸಿದ ಕಡೆ ನಾವು ನಿಜವಾಗಿ ಗೆದ್ದಿದ್ದೇವೆ. ಪಾಲಿಸಿದ್ದಾರೋ ಇಲ್ಲವೋ ಅನ್ನುವುದು ಮಾತ್ರ ಲೇಬಲ್ ಇಲ್ಲದ ತಿಂಡಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಮುಂದಿನ ಹೆಜ್ಜೆಗಳು ಬೇಕಾಗುತ್ತವೆ.

ಹಾಲು, ತುಪ್ಪ, ಕುರಿ ಮಾಂಸದಲ್ಲೂ ಸ್ವಲ್ಪ ಟ್ರಾನ್ಸ್ ಫ್ಯಾಟ್ ತಾನಾಗಿಯೇ ಇರುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಮಾಡುತ್ತವೆ. ಒಂದು ಚಮಚ, ಅಂದರೆ 5 ಗ್ರಾಂ ತುಪ್ಪದಲ್ಲಿ ಕಾಲು ಗ್ರಾಂ ಅಥವಾ ಅದಕ್ಕೂ ಕಡಿಮೆ. ಅನ್ನದ ಮೇಲೆ ಒಂದು ಚಮಚ ತುಪ್ಪ ಹಾಕಿಕೊಳ್ಳುವವರು ಗಾಬರಿಯಾಗಬೇಕಿಲ್ಲ. ಆದರೆ ಮೇಲಿನ 2.2 ಗ್ರಾಂ ಲೆಕ್ಕದಲ್ಲಿ ಇದೂ ಸೇರುತ್ತದೆ ಅನ್ನುವುದು ನೆನಪಿರಲಿ.

ಹೆಜ್ಜೆ 4: ಪೊಟ್ಟಣದ ಹಿಂಬದಿ ಓದಲು ಕಲಿಯಿರಿ

ಮುಂಬದಿ ಓದಬೇಡಿ. ಅಲ್ಲಿ ಗೋಧಿ ತೆನೆ, ಹಾಲಿನ ಲೋಟ, ನಗುವ ಮಗು ಇರುತ್ತದೆ. ಪೊಟ್ಟಣ ತಿರುಗಿಸಿ.

ಮೊದಲು ಪೋಷಕಾಂಶದ ಪಟ್ಟಿ. ಅದರಲ್ಲಿ "ಟೋಟಲ್ ಫ್ಯಾಟ್" ಕೆಳಗೆ "ಸ್ಯಾಚುರೇಟೆಡ್", ಅದರ ಕೆಳಗೆ "ಟ್ರಾನ್ಸ್" ಅಂತ ಸಾಲು ಇರುತ್ತದೆ. ಅಂಕಿ 100 ಗ್ರಾಂಗೋ, ಒಂದು ಸರ್ವಿಂಗ್‌ಗೋ ಅಂತ ನೋಡಿ. ನೀವು ನಿಜವಾಗಿ ತಿನ್ನುವ ಪ್ರಮಾಣಕ್ಕೆ ಗುಣಿಸಿಕೊಳ್ಳಿ. ಭಾರತದಲ್ಲಿ 100 ಗ್ರಾಂಗೆ 0.2 ಗ್ರಾಂಗಿಂತ ಕಡಿಮೆ ಇದ್ದರೆ "ಟ್ರಾನ್ಸ್ ಫ್ಯಾಟ್ ಫ್ರೀ" ಅಂತ ಬರೆದುಕೊಳ್ಳಬಹುದು. ಇದು ಬಿಗಿಯಾದ ನಿಯಮವೇ. ಅಮೆರಿಕದಲ್ಲಿರುವ ನಮ್ಮವರು ಸ್ವಲ್ಪ ಎಚ್ಚರ ವಹಿಸಬೇಕು. ಅಲ್ಲಿ ಒಂದು ಸರ್ವಿಂಗ್‌ಗೆ 0.5 ಗ್ರಾಂಗಿಂತ ಕಡಿಮೆ ಇದ್ದರೆ ಸೊನ್ನೆ ಅಂತ ಹಾಕಬಹುದು. ಸರ್ವಿಂಗ್ ಅಂದರೆ ಎರಡು ಬಿಸ್ಕೆಟ್ ಅಂತ ಬರೆದಿದ್ದು, ನಾವು ಆರು ತಿಂದರೆ? ಮೂರು ಪಾಲು ಆಯಿತಲ್ಲ.

ಆಮೇಲೆ ಪದಾರ್ಥಗಳ ಪಟ್ಟಿ. ಜಾಸ್ತಿ ಇರುವ ಪದಾರ್ಥ ಮೊದಲು ಬರುತ್ತದೆ. "ಪಾರ್ಷಿಯಲಿ ಹೈಡ್ರೋಜಿನೇಟೆಡ್" ಅನ್ನುವ ಮಾತು ಕಂಡರೆ ಪೊಟ್ಟಣ ಅಲ್ಲೇ ವಾಪಸ್ ಇಡಿ. "ಹೈಡ್ರೋಜಿನೇಟೆಡ್ ವೆಜಿಟೆಬಲ್ ಆಯಿಲ್", "ವನಸ್ಪತಿ", "ಬೇಕರಿ ಶಾರ್ಟನಿಂಗ್", "ಮಾರ್ಗರಿನ್" ಅಂತ ಇದ್ದರೆ ಟ್ರಾನ್ಸ್ ಸಾಲನ್ನು ಇನ್ನೊಮ್ಮೆ ನೋಡಿ. "ಇಂಟರೆಸ್ಟರಿಫೈಡ್" ಅಂತ ಇದ್ದರೆ ಅದು ಬೇರೆ ವಿಧಾನದಿಂದ ಗಟ್ಟಿ ಮಾಡಿದ ಕೊಬ್ಬು. ಅದರಲ್ಲಿ ಟ್ರಾನ್ಸ್ ತೀರಾ ಕಡಿಮೆ. ಪೂರ್ತಿ ಹೈಡ್ರೋಜನೀಕರಿಸಿದ ಎಣ್ಣೆಯಲ್ಲೂ ಟ್ರಾನ್ಸ್ ಹೆಚ್ಚು ಉಳಿಯುವುದಿಲ್ಲ. ಅರ್ಧ ದಾರಿಯಲ್ಲಿ ನಿಂತದ್ದೇ ಅಪಾಯ.

ಇಲ್ಲಿ ಒಂದು ಮೋಸದ ಗುಂಡಿ ಇದೆ. ಟ್ರಾನ್ಸ್ ಸೊನ್ನೆ ಅಂತ ಖುಷಿಯಾಗಿ ತಂದರೆ, ಮೇಲಿನ ಸಾಲಿನಲ್ಲಿ ಸ್ಯಾಚುರೇಟೆಡ್ ಕೊಬ್ಬು ತುಂಬಿ ತುಳುಕುತ್ತಿರಬಹುದು. ವನಸ್ಪತಿ ಬಿಟ್ಟ ಕಂಪನಿಗಳಲ್ಲಿ ಬಹಳಷ್ಟು ತಾಳೆ ಎಣ್ಣೆಗೆ ಹೋಗಿವೆ. ನಮ್ಮ ಲೇಬಲ್ ನಿಯಮದಲ್ಲಿ ಸ್ಯಾಚುರೇಟೆಡ್ ಕೊಬ್ಬಿಗೆ ದಿನಕ್ಕೆ 22 ಗ್ರಾಂ ಅಂತ ಹಿಡಿದಿದ್ದಾರೆ. ಎರಡೂ ಸಾಲು ಒಟ್ಟಿಗೆ ಓದಿ.

ಹೆಜ್ಜೆ 5: ಬೇಕರಿ, ಸಿಹಿ ಅಂಗಡಿಯಲ್ಲಿ ಕೇಳಿ

ಲೇಬಲ್ ಇಲ್ಲದ ತಿಂಡಿಯೇ ನಮ್ಮಲ್ಲಿ ಜಾಸ್ತಿ. ಪಫ್, ಖಾರ ಬಿಸ್ಕೆಟ್, ಕ್ರೀಮ್ ಬನ್, ದಿಲ್‌ಪಸಂದ್, ರಸ್ಕ್. ಇವನ್ನು ತೂಕ ಹಾಕಿ ಪೇಪರ್‌ನಲ್ಲಿ ಕಟ್ಟಿ ಕೊಡುತ್ತಾರೆ. ಇಲ್ಲಿ ಕೇಳುವುದೊಂದೇ ದಾರಿ.

ನಾನು ನಮ್ಮ ಬೀದಿಯ ಬೇಕರಿಯಲ್ಲಿ ಜನ ಕಡಿಮೆ ಇದ್ದಾಗ ಕೇಳಿದೆ.

"ಅಣ್ಣಾ, ಪಫ್‌ಗೆ ಏನು ಹಾಕ್ತೀರಾ?"

"ಮಾರ್ಗರಿನ್ ಅಕ್ಕಾ. ಬೆಣ್ಣೆ ಹಾಕಿದ್ರೆ ಈ ರೇಟಿಗೆ ಕೊಡೋಕಾಗುತ್ತಾ?"

ಅವರು ಹೇಳಿದ್ದು ಸತ್ಯ. ಬೆಳಗಿನ ಜಾವಕ್ಕೇ ಎದ್ದು ಹಿಟ್ಟು ಕಲಸುವ ಮನುಷ್ಯ ಅವರು. ನಾನು ಜಗಳ ಮಾಡಲಿಲ್ಲ. "ಅದರ ಡಬ್ಬ ಒಮ್ಮೆ ತೋರಿಸ್ತೀರಾ?" ಅಂದೆ. ಒಳಗಿಂದ ರಟ್ಟಿನ ಡಬ್ಬ ತಂದು ಮೇಜಿನ ಮೇಲಿಟ್ಟರು. ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಟ್ರಾನ್ಸ್ ಪ್ರಮಾಣ ಶೇ. 2ರ ಒಳಗೆ ಅಂತ ಇತ್ತು. ಅವರೂ ಅದನ್ನು ಓದಿದ್ದು ಅದೇ ಮೊದಲು. ಇನ್ನೊಂದು ಅಂಗಡಿಯಲ್ಲಿ ಡಬ್ಬ ತೋರಿಸಲಿಲ್ಲ. "ಎಲ್ಲಾ ಚೆನ್ನಾಗಿರೋದೇ" ಅಂದರು. ಅಲ್ಲಿಂದ ತರುವುದನ್ನು ನಿಲ್ಲಿಸಿದೆ.

ನೀವು ಕೇಳಬೇಕಾದದ್ದು ಮೂರೇ: ಯಾವ ಕೊಬ್ಬು ಹಾಕುತ್ತೀರಿ, ಡಬ್ಬ ತೋರಿಸುತ್ತೀರಾ, ಬಿಡಿಯಾಗಿ ಲೇಬಲ್ ಇಲ್ಲದ ವನಸ್ಪತಿ ತರುತ್ತೀರಾ. ಮೂರನೆಯದಕ್ಕೆ ಹೌದು ಅಂದರೆ ಆ ಅಂಗಡಿ ಬೇಡ. ತಿಂದ ಮೇಲೆ ಅಂಗುಳಕ್ಕೆ ಮೇಣದಂತೆ ಜಿಡ್ಡು ಅಂಟಿ, ಕಾಫಿ ಕುಡಿದರೂ ಹೋಗದಿದ್ದರೆ ಅದು ಹೆಚ್ಚು ಬಿಸಿಗೆ ಕರಗುವ ಕೊಬ್ಬು. ಅದು ಟ್ರಾನ್ಸ್ ಆಗಿರಬಹುದು, ತಾಳೆ ಎಣ್ಣೆಯ ಗಟ್ಟಿ ಭಾಗವೂ ಆಗಿರಬಹುದು. ನಾಲಿಗೆ ಅದನ್ನು ಬೇರೆ ಮಾಡಿ ಹೇಳಲಾರದು. ಎರಡೂ ಜಾಸ್ತಿ ತಿನ್ನುವಂಥದ್ದಲ್ಲ.

ಸಿಹಿ ಅಂಗಡಿಯಲ್ಲಿ ಮೈಸೂರು ಪಾಕ್, ಬಾದುಷಾ, ಚಿರೋಟಿ ವಿಚಾರಿಸಿ. ತುಪ್ಪದ್ದೇ ಅಂತ ಹೇಳಿದರೆ ರೇಟು ನೋಡಿ. ತುಪ್ಪದ ಬೆಲೆಗಿಂತ ಅರ್ಧಕ್ಕೆ "ತುಪ್ಪದ ಮೈಸೂರು ಪಾಕ್" ಸಿಗುತ್ತಿದ್ದರೆ ಅದು ಹೇಗೆ ಸಾಧ್ಯ? ತುಪ್ಪಕ್ಕೆ ವನಸ್ಪತಿ ಬೆರೆಸುವುದು ಹಳೆಯ ಪಿಡುಗು. ಪತ್ತೆ ಹಚ್ಚಲು ಅನುಕೂಲವಾಗಲಿ ಅಂತಲೇ ವನಸ್ಪತಿಗೆ ಎಳ್ಳೆಣ್ಣೆ ಸೇರಿಸಬೇಕು ಅನ್ನುವ ನಿಯಮ ನಮ್ಮಲ್ಲಿ ಬಂತು. ಲ್ಯಾಬ್‌ನಲ್ಲಿ ಪರೀಕ್ಷಿಸಿದಾಗ ಎಳ್ಳೆಣ್ಣೆ ಗುಲಾಬಿ ಬಣ್ಣ ಕೊಡುತ್ತದೆ, ಕಲಬೆರಕೆ ಸಿಕ್ಕಿಬೀಳುತ್ತದೆ.

ಅನುಮಾನ ಗಟ್ಟಿಯಾದರೆ ದೂರು ಕೊಡಿ. ಅಂಗಡಿಯ ಗೋಡೆಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಬೇಕು. ಅದನ್ನು ಬರೆದುಕೊಂಡು ಎಫ್‌ಎಸ್‌ಎಸ್‌ಎಐನ "ಫುಡ್ ಸೇಫ್ಟಿ ಕನೆಕ್ಟ್"ನಲ್ಲಿ ದೂರು ಹಾಕಬಹುದು.

ಹೆಜ್ಜೆ 6: ಕರಿದ ಎಣ್ಣೆಯನ್ನು ಸರಿಯಾಗಿ ನಿಭಾಯಿಸಿ

ಒಮ್ಮೆ ಕಾಯಿಸಿದರೆ ಎಣ್ಣೆಯೆಲ್ಲ ಟ್ರಾನ್ಸ್ ಫ್ಯಾಟ್ ಆಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತದೆ. ಅದು ತಪ್ಪು. ಮನೆಯಲ್ಲಿ ಒಂದು ಸಲ ಬಜ್ಜಿ ಕರಿದರೆ ಹುಟ್ಟುವ ಟ್ರಾನ್ಸ್ ಫ್ಯಾಟ್ ತೀರಾ ಸ್ವಲ್ಪ. ಅದೇ ಎಣ್ಣೆಯನ್ನು ಮತ್ತೆ ಮತ್ತೆ, ಗಂಟೆಗಟ್ಟಲೆ ಕಾಯಿಸಿದರೆ ಟ್ರಾನ್ಸ್ ನಿಧಾನವಾಗಿ ಏರುತ್ತದೆ. ಅದಕ್ಕಿಂತ ಬೇಗ ಏರುವುದು ಎಣ್ಣೆ ಒಡೆದು ಹುಟ್ಟುವ ಬೇರೆ ಕೆಟ್ಟ ಪದಾರ್ಥಗಳು. ಅವುಗಳಿಗೆ "ಪೋಲಾರ್ ಕಾಂಪೌಂಡ್ಸ್" ಅನ್ನುತ್ತಾರೆ. ಅವು ಶೇ. 25 ದಾಟಿದ ಎಣ್ಣೆಯನ್ನು ಬಳಸಬಾರದು ಅನ್ನುವ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ.

ಮನೆಯಲ್ಲಿ ಅಳೆಯಲು ಆಗದು, ಸರಿ. ಕಣ್ಣು, ಮೂಗು ಇವೆಯಲ್ಲ. ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ. ಅಗಲ ಬಾಣಲೆ ಬಿಟ್ಟು ಕಿರಿದಾದ, ಆಳದ ಬಾಣಲೆ ಇಟ್ಟರೆ ಕಡಿಮೆ ಎಣ್ಣೆ ಸಾಕು. ಹೊಗೆ ಏಳುವ ತನಕ ಕಾಯಿಸುವುದಿಲ್ಲ. ಚಿಕ್ಕ ಹಿಟ್ಟಿನ ಉಂಡೆ ಹಾಕಿದರೆ ತಳಕ್ಕೆ ಹೋಗಿ ತಕ್ಷಣ ಮೇಲೆ ಬಂದರೆ ಕಾದಿದೆ ಅಂತ ಅರ್ಥ. ತೇಲುವ ಪುಡಿಯನ್ನು ನಡುನಡುವೆ ಜಾಲರಿಯಲ್ಲಿ ತೆಗೆಯುತ್ತೇವೆ, ಇಲ್ಲದಿದ್ದರೆ ಅದು ಸೀದು ಎಣ್ಣೆ ಕೆಡಿಸುತ್ತದೆ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಒಂದೆರಡು ದಿನದಲ್ಲಿ ಒಗ್ಗರಣೆಗೆ, ಪಲ್ಯಕ್ಕೆ ಬಳಸಿ ಮುಗಿಸುತ್ತೇವೆ. ಮತ್ತೆ ಕರಿಯುವುದಿಲ್ಲ. ಹಳೆಯ ಎಣ್ಣೆಯ ಮೇಲೆ ಹೊಸ ಎಣ್ಣೆ ಸುರಿಯುವ ಅಭ್ಯಾಸ ನಮ್ಮ ಅಮ್ಮನಿಗೆ ಇತ್ತು. ಬಿಡಿಸಲು ಎರಡು ಹಬ್ಬ ಬೇಕಾಯಿತು.

ಬಣ್ಣ ಕಪ್ಪಾಗಿದೆ, ನೊರೆ ಆರುವುದಿಲ್ಲ, ಬೆರಳಿಗೆ ಅಂಟು ಅಂಟು, ಕಮಟು ವಾಸನೆ ಅಂದರೆ ಅದರ ಕಾಲ ಮುಗಿದಿದೆ. ಸಿಂಕ್‌ಗೆ ಸುರಿಯಬೇಡಿ, ಪೈಪ್ ಕಟ್ಟುತ್ತದೆ. ಹಳೆ ಪೇಪರ್ ಅಥವಾ ಮರದ ಹೊಟ್ಟಿಗೆ ಹೀರಿಸಿ ಕಸಕ್ಕೆ ಹಾಕಿ. ದೊಡ್ಡ ಹೋಟೆಲ್‌ಗಳಿಂದ ಇಂಥ ಎಣ್ಣೆ ಸಂಗ್ರಹಿಸಿ ಬಯೋಡೀಸೆಲ್ ಮಾಡುವ ವ್ಯವಸ್ಥೆ ಇದೆ.

ಬೀದಿಯಲ್ಲಿ ಮಿರ್ಚಿ ಬಜ್ಜಿ, ಬೋಂಡಾ ತಿನ್ನುವ ಮೊದಲು ಬಾಣಲೆಯನ್ನು ಒಮ್ಮೆ ನೋಡಿ. ತಳ ಕಾಣುವಂತಿದ್ದರೆ ತಿನ್ನಿ. ಕಷಾಯದಂತೆ ಕಪ್ಪಗಿದ್ದರೆ ಮುಂದಿನ ಗಾಡಿಗೆ ಹೋಗಿ.

ಹೆಜ್ಜೆ 7: ರಕ್ತ ಪರೀಕ್ಷೆ ಮಾಡಿಸಿ

ಟ್ರಾನ್ಸ್ ಫ್ಯಾಟ್ ಎಷ್ಟಿದೆ ಅಂತ ಸಾಮಾನ್ಯ ರಕ್ತ ಪರೀಕ್ಷೆ ಹೇಳುವುದಿಲ್ಲ. ಅದು ಮಾಡಿದ ಹಾನಿ ಮಾತ್ರ ಲಿಪಿಡ್ ಪ್ರೊಫೈಲ್‌ನಲ್ಲಿ, ಅಂದರೆ ಕೊಲೆಸ್ಟ್ರಾಲ್ ಪರೀಕ್ಷೆಯಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಎಲ್‌ಡಿಎಲ್ 100ರ ಒಳಗೆ ಇರಬೇಕು. ಎಚ್‌ಡಿಎಲ್ ಗಂಡಸರಿಗೆ 40, ಹೆಂಗಸರಿಗೆ 50ರ ಮೇಲೆ ಇರಬೇಕು. ಸ್ಟೆಂಟ್ ಆದವರಿಗೆ, ಶುಗರ್ ಇದ್ದವರಿಗೆ ಎಲ್‌ಡಿಎಲ್ ಇನ್ನೂ ಕೆಳಗಿರಬೇಕು. ಆ ಅಂಕಿಯನ್ನು ಡಾಕ್ಟರ್ ಹೇಳುತ್ತಾರೆ. ತಿಂಡಿ ಬಿಟ್ಟೆ ಅಂತ ಮಾತ್ರೆ ನಿಲ್ಲಿಸಬೇಡಿ.

ಹೆಜ್ಜೆ 8: ಬಿಟ್ಟದ್ದರ ಜಾಗಕ್ಕೆ ಏನಾದರೂ ಇಡಿ

ಇದನ್ನು ಮಾಡದಿದ್ದರೆ ಮೇಲಿನ ಏಳೂ ಹೆಜ್ಜೆ ಒಂದು ತಿಂಗಳಿಗೆ ಕುಸಿಯುತ್ತವೆ. ಸಂಜೆ ಐದಕ್ಕೆ ಬಾಯಿ ಏನೋ ಬೇಡುತ್ತದೆ. ಆಗ ಡಬ್ಬಿಯಲ್ಲಿ ಹುರಿಗಡಲೆ, ಹುರಿದ ಕಡಲೆಕಾಯಿ, ಒಗ್ಗರಣೆ ಹಾಕಿದ ಮಂಡಕ್ಕಿ ಇರಬೇಕು. ಅಡುಗೆಗೆ ಕಡಲೆಕಾಯಿ, ಕುಸುಬೆ, ಸೂರ್ಯಕಾಂತಿ ಎಣ್ಣೆಗಳನ್ನು ಬದಲಿಸುತ್ತಾ ಬಳಸಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕು ಅಂತ ಹೇಳುವ ಡಾಕ್ಟರ್‌ಗಳು ಬಹಳ ಜನ. ಚಿರೋಟಿಗೆ ವನಸ್ಪತಿ ಬೇಕೇ ಬೇಕು ಅಂತಿಲ್ಲ. ತುಪ್ಪಕ್ಕೆ ಅಕ್ಕಿಹಿಟ್ಟು ಕಲಸಿ ಹಾಳೆಗಳ ನಡುವೆ ಸವರಿದರೂ ಪದರ ಚೆನ್ನಾಗಿ ಬಿಡುತ್ತದೆ.

ಅಪ್ಪನ ಖಾರ ಬಿಸ್ಕೆಟ್ ಮಾತ್ರ ಬಿಡಿಸಲು ನನಗೆ ಮನಸ್ಸಾಗಲಿಲ್ಲ. ಹಾಗಾಗಿ ಮನೆಯಲ್ಲೇ ಮಾಡುತ್ತೇನೆ. ಕಾಲು ಕೆಜಿ ಮೈದಾ, 100 ಗ್ರಾಂ ಬೆಣ್ಣೆ, ಎರಡು ಚಮಚ ಸಕ್ಕರೆ ಪುಡಿ, ಅರ್ಧ ಚಮಚ ಬೇಕಿಂಗ್ ಪೌಡರ್, ರುಚಿಗೆ ಉಪ್ಪು. ನಾಲ್ಕು ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸಣ್ಣಗೆ ಹೆಚ್ಚಿ ಹಾಕಿ. ಮೊದಲು ಬೆಣ್ಣೆಯನ್ನು ಹಿಟ್ಟಿಗೆ ಬೆರಳ ತುದಿಯಲ್ಲಿ ಉಜ್ಜಿ, ರವೆಯ ಹಾಗೆ ಆಗಬೇಕು. ಆಮೇಲೆ ಎರಡು ಮೂರು ಚಮಚ ಮೊಸರು ಹಾಕಿ ಒಂದುಗೂಡಿಸಿ. ನಾದಬೇಡಿ, ನಾದಿದರೆ ಗಟ್ಟಿಯಾಗುತ್ತದೆ. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು, ದಪ್ಪಗೆ ಲಟ್ಟಿಸಿ, ಲೋಟದ ಬಾಯಿಂದ ಕತ್ತರಿಸಿ. ಓವನ್‌ನಲ್ಲಿ 180 ಡಿಗ್ರಿಗೆ ಸುಮಾರು 18 ನಿಮಿಷ, ಅಂಚು ಕೆಂಪಗಾಗುವ ತನಕ.

ಸಣ್ಣ ಲೋಟದಲ್ಲಿ ಕತ್ತರಿಸಿದರೆ ಸುಮಾರು ಮೂವತ್ತು ಬರುತ್ತವೆ. ಬೆಣ್ಣೆಯೂ ಸ್ಯಾಚುರೇಟೆಡ್ ಕೊಬ್ಬೇ, ಅದಕ್ಕೆ ಎಣಿಸಿಯೇ ಕೊಡುವುದು. ಅಪ್ಪನಿಗೆ ಸಂಜೆಗೆ ಎರಡು.